ಶರಣಮ್ಮನ ಮಾಳಿಗೆಯ ಮೇಲೆ ನನ್ನ ಮೆಣಸಿನಕಾಯಿ

"ಯವ್ವಾ, ಮ್ಯಾಲೆ ನಿಂತು ನೋಡಿದ್ರ ಎರಡೂ ಒಂದೇ ಮಾಳಿಗಿ ಹಂಗ ಕಂಡ್ವುರೀ!"

ಗೌಂಡಿ ಖಾಜಾಸಾಬ್ ಇವತ್ತು ಕೊಟ್ಟ ಸಮಜಾಯಿಷಿ ಇದು, ಗೆಳೆಯರೇ. ನಮ್ಮ ಮಾನ್ವಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದು ನಿಜ. ಮಳೆಗಾಲಕ್ಕೆ ಮೊದಲು ನಮ್ಮ ಮಾಳಿಗೆ ಸೋರದಂತೆ ಅದರ ಮೇಲೆ ಮಣ್ಣು ಹಾಕಲು ಹೇಳಿದ್ದೆ. ಆತ ಪಕ್ಕದ ಮನೆಯ ಶರಣಮ್ಮನ ಮಾಳಿಗೆಗೂ ಹಾಕಿ, ಎರಡರ ಕೂಲಿಯನ್ನೂ ನನ್ನನ್ನೇ ಕೇಳಿದ.

"ನಮ್ಮದರ ಕೂಲಿ ತಗೋ. ಆಕಿದು ನಾ ಯಾಕ ಕೊಡ್ಲಿ?"

"ಆಕಿದು ಸೋರಿದ್ರ ನಿಮ್ಮ ಗ್ವಾಡಿನೂ ನೆನಿತದಲ್ರೀ!"

ಶರಣಮ್ಮ ಅಂಗಳದಿಂದಲೇ ಕೂಗಿದಳು: "ನಾ ಏನೂ ಹೇಳಿದ್ದಿಲ್ಲ. ರೊಕ್ಕ ಕೊಡಂಗಿಲ್ಲ!"

ಸರಿ. ಕಟ್ಟೆಯ ಮೇಲೆ ಹಾಡುತ್ತಿದ್ದ ಟ್ರಾನ್ಸಿಸ್ಟರ್ ಆರಿಸಿದೆ. ಮನೆಯಲ್ಲಿದ್ದ ಮೆಣಸಿನಕಾಯಿ ಚೀಲ ಹೊತ್ತು ನಿಚ್ಚಣಿಕೆ ಹತ್ತಿದೆ. ಶರಣಮ್ಮನ ಮಾಳಿಗೆಯ ತುಂಬ ಸುರುವಿ ಹರವಿದೆ. ಘಾಟು ಬೆಳಕಿಂಡಿಯಿಂದ ಆಕೆಯ ಅಡುಗೆಮನೆಗೆ ಇಳಿಯಿತು.

ಶರಣಮ್ಮ ಸೀನುತ್ತಲೇ ಮೇಲೆ ಬಂದಳು. "ಯಾರ ಮಾಳಿಗಿ ಅಂತ ಹರವಾಕತ್ತೀ ಬೇ?"

"ಕೂಲಿ ನಾ ಕೊಡಾದಾದ್ರ ನಂದು. ಇನ್ನ ಬ್ಯಾಸಗಿ ಪೂರ್ತಿ ಇಲ್ಲೇ ಒಣಗಸ್ತೀನಿ. ನೀ ಕೊಟ್ರ ನಿಂದು."

ಶರಣಮ್ಮ ಕೆಳಗಿಳಿದು, ಸೆರಗಿನ ಗಂಟು ಬಿಚ್ಚಿ, ತನ್ನ ಪಾಲಿನ ಕೂಲಿಯನ್ನು ಖಾಜಾಸಾಬನ ಕೈಗೆ ಹಾಕಿದಳು.

ಎರಡು ಮಾಳಿಗೆಗಳ ನಡುವಿನ ಗೆರೆ ಈಗ ಆತನಿಗೆ ಕೆಳಗೆ ನಿಂತರೂ ಕಾಣುತ್ತದಂತೆ.