ಮುತ್ತಿಗೆಯ ಹಾಜರಿ ಪುಸ್ತಕ

ಮೇಷ್ಟ್ರ ಹತ್ತೂ ಬೆರಳ ತುದಿ ನೀಲಿ. ಕಾರ್ಬನ್ ಕಾಗದದ ನೀಲಿ ಅದು. ಎಷ್ಟು ಸೋಪು ಉಜ್ಜಿದರೂ ಉಗುರಿನ ಸಂದಿಯಲ್ಲಿ ಒಂದು ಗೆರೆ ಉಳಿದೇ ಇರುತ್ತಿತ್ತು. ಮಧ್ಯಾಹ್ನ ಅವರು ಡಬ್ಬಿ ಬಿಚ್ಚಿ ಮುದ್ದೆ ಮುರಿಯುವಾಗ ನಾವು ಹುಡುಗಿಯರು ಮುಖ ಮುಖ ನೋಡಿಕೊಂಡು ನಗುತ್ತಿದ್ದೆವು. "ನಗ್ರಮ್ಮ, ನಗ್ರಿ. ನಾನು ಉಂಡಿದ್ದಕ್ಕೆಲ್ಲ ಎರಡು ಪ್ರತಿ ಐತೆ, ಒಂದು ಕಳೆದ್ರೆ ಇನ್ನೊಂದು ಇರ್ತೈತೆ" ಅನ್ನುತ್ತಿದ್ದರು.

ಚಳ್ಳಕೆರೆಯಲ್ಲಿ ಒಂದು ಶೇಂಗಾ ಎಣ್ಣೆ ಅಂಗಡಿಯ ಮಹಡಿ ಮೇಲೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್. ಕೆಳಗಿನಿಂದ ಹಿಂಡಿಯ ವಾಸನೆ, ಮೇಲೆ ಒಂಬತ್ತು ಮಷಿನ್ನುಗಳ ಟಪಟಪ. ನಾನು ಮೊಳಕಾಲ್ಮೂರಿನ ನೇಕಾರರ ಮನೆಯವಳು. ಇಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಬಿ.ಎ. ಓದುತ್ತಾ ಸಂಜೆ ಟೈಪಿಂಗ್‌ಗೆ ಹೋಗುತ್ತಿದ್ದೆ. ಬೇರೆ ಯಾವುದರಲ್ಲೂ ಮುಂದಿರಲಿಲ್ಲ. ಟೈಪಿಂಗ್‌ನಲ್ಲಿ ಮಾತ್ರ ನನ್ನ ಮುಂದೆ ಯಾರೂ ಇರಲಿಲ್ಲ. ಮಗ್ಗದ ಮನೆಯ ಕೈ ಅಲ್ಲವೇ ಅನ್ನುತ್ತಿದ್ದರು ಮೇಷ್ಟ್ರು.

ಹೊಸದೇನೇ ಬರಲಿ, ಅದರ ಕಾಲೆಳೆಯದೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ಎರಡು ಸಾವಿರದ ಇಸವಿ ಹುಟ್ಟುವಾಗ ಜಗತ್ತಿನ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ ಅಂತ ಸುದ್ದಿ ಹಬ್ಬಿತ್ತಲ್ಲ, ಆಗ ಇವರು ಬಾಗಿಲಿಗೆ ಬೋರ್ಡು ಹಾಕಿದ್ದರಂತೆ: 'ಇಲ್ಲಿಯ ಯಂತ್ರಗಳಿಗೆ ಇದು ಯಾವ ಇಸವಿ ಎಂದು ಗೊತ್ತಿಲ್ಲ. ನಿಶ್ಚಿಂತೆಯಿಂದ ಬನ್ನಿ.' ಆಮೇಲೊಬ್ಬ ಟೈ ಕಟ್ಟಿದ ಸೇಲ್ಸ್‌ನವನು ಬಂದು, ಇನ್ನೆರಡು ವರ್ಷಕ್ಕೆ ಭೂಮಿ ಮೇಲೆ ಕಾಗದವೇ ಇರುವುದಿಲ್ಲ ಸಾರ್ ಅಂತ ಭಾಷಣ ಮಾಡಿ, ಅದನ್ನೇ ಅಚ್ಚು ಹಾಕಿಸಿದ ಒಂದು ಕಂತೆ ಕರಪತ್ರ ಕೊಟ್ಟು ಹೋದ. ದಪ್ಪ ಕಾಗದ, ಹಿಂಭಾಗ ಖಾಲಿ. ಒಂದು ವರ್ಷ ನಾವೆಲ್ಲ ಪ್ರಾಕ್ಟೀಸ್ ಮಾಡಿದ್ದು ಅದರ ಬೆನ್ನಿನ ಮೇಲೆಯೇ.

ಕೊನೆಗೆ ಹೊಟ್ಟೆಪಾಡಿಗೆ ಅವರೂ ನಾಲ್ಕು ಕಂಪ್ಯೂಟರ್ ತಂದರು. ಅರ್ಧ ಕೋಣೆಗೆ ಪ್ಲೈವುಡ್ ಅಡ್ಡ ಹಾಕಿ 'ಸೈಬರ್ ಸೆಂಟರ್' ಅಂತ ಬರೆಸಿದರು. ಕಂಪ್ಯೂಟರಿಗೆ ಅವರಿಟ್ಟ ಹೆಸರು ಮಹಾಪ್ರಭು. ಆನ್ ಆಗಲು ಹೊತ್ತು ಹಿಡಿದರೆ "ಮಹಾಪ್ರಭುಗಳು ಇನ್ನೂ ಎದ್ದಿಲ್ಲ, ಕೂತ್ಕೊಳ್ಳಿ." ಕರೆಂಟು ಹೋದರೆ "ಮಹಾಪ್ರಭುಗಳು ಮೂರ್ಛೆ ಹೋದ್ರು, ಬರ್ರಿ ಈ ಕಡೆ." ಆಗ ಎಲ್ಲರೂ ಟೈಪ್‌ರೈಟರಿಗೆ ಬರುತ್ತಿದ್ದೆವು. ದಿನಕ್ಕೆರಡು ಸಲವಾದರೂ ಬರುತ್ತಿದ್ದೆವು.

ನಾನು ಕೆಟ್ಟಿದ್ದು ಆ ಪ್ಲೈವುಡ್ಡಿನ ಹಿಂದೆ. ಎರಡು ಸಾವಿರದ ಆರೋ ಏಳೋ ಇರಬೇಕು. ಇಂಟರ್ನೆಟ್ಟಿನಲ್ಲಿ 'ಎಚ್ಚೆತ್ತವರ ಪಡೆ' ಅಂತ ಒಂದು ಗುಂಪಿತ್ತು. ನಮ್ಮವರು ಅಪಾಯದಲ್ಲಿದ್ದಾರೆ, ಎಲ್ಲ ಬೇರೆಯವರ ಪಿತೂರಿ, ಏಳಿ ಎದ್ದೇಳಿ, ಬರೀ ಇದೇ. ನಾನೂರು ಜನ ಸದಸ್ಯರು. ಅವರಲ್ಲಿ ಕನ್ನಡ ಅಕ್ಷರದಲ್ಲಿ ಸರಾಗವಾಗಿ ಟೈಪ್ ಮಾಡಬಲ್ಲವರು ನಾಲ್ಕೈದು ಮಂದಿ ಇದ್ದಿರಬಹುದು. ನಾನು ಸುಮ್ಮನೆ ತಮಾಷೆಗೆ 'ದುರ್ಗದ ಹುಲಿ' ಅಂತ ಗಂಡುಹೆಸರಿಟ್ಟುಕೊಂಡು ನುಗ್ಗಿದೆ. ಹಲ್ಲಿ ಕಂಡರೆ ಮಂಚ ಹತ್ತುವವಳು ನಾನು. ಒಂದು ತಿಂಗಳಿಗೆ ಆ ಗುಂಪಿನಲ್ಲಿ ನನ್ನನ್ನು ಬಿಟ್ಟರಿಲ್ಲ ಅನ್ನುವ ಹಾಗಾಯಿತು. 'ಸೇನಾಧಿಪತಿ' ಅನ್ನುವ ಮುಖಂಡ ಎಲ್ಲರೆದುರು "ಹುಲಿಯ ಬೆರಳೇ ನಮ್ಮ ಖಡ್ಗ" ಅಂತ ಬರೆದ. ನನ್ನನ್ನು ಯಾರೂ ಅದುವರೆಗೆ ಹಾಗೆ ಹೊಗಳಿರಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಖುಷಿಯಾಗಿತ್ತು.

ಇನ್ನೂ ಹೊಗಳಲಿ ಅಂತ ಒಂದು ಕೆಲಸ ಮಾಡಿದೆ. ನಮ್ಮ ಮನೆಯಲ್ಲಿ ನೇಯ್ದ ಒಂದು ಸೀರೆ ಮೊದಲ ನೀರಿಗೇ ಕೆಂಪು ಬಿಟ್ಟುಕೊಂಡು ವಾಪಸ್ ಬಂದಿತ್ತು. ಅದರ ನೂಲಿಗೆ ಬಣ್ಣ ಹಾಕಿದ್ದು ನಮ್ಮೂರಿನ ಬಣ್ಣದ ಸಾಬರು. ಅಪ್ಪನಿಗೆ ಸಿಟ್ಟು ಬಂದರೆ ಬಾಯಲ್ಲಿ ತೆಲುಗು ಬರುತ್ತಿತ್ತು. ಅವತ್ತು ಸಾಬರ ಬಾಗಿಲಲ್ಲಿ ನಿಂತು ಒಂದು ಗಂಟೆ ತೆಲುಗಿನಲ್ಲಿ ಬೈದರು. ಸಾಬರು ತಲೆ ತಗ್ಗಿಸಿ "ನಂದೇ ತಪ್ಪು ರೀ" ಅಂದರು. ಇಷ್ಟನ್ನು ನಾನು ಗುಂಪಿನಲ್ಲಿ ಉಪ್ಪುಕಾರ ಹಚ್ಚಿ ಬರೆದೆ. ನಮ್ಮವರ ಮಗ್ಗ ಹಾಳು ಮಾಡಲು ಬೇಕಂತಲೇ ಮಾಡಿದ್ದು ಅಂತ ಬರೆದೆ. ಸಾಬರ ಹೆಸರು, ಬೀದಿ, ಎಲ್ಲ ಹಾಕಿದೆ.

ಬರೆಯದೇ ಬಿಟ್ಟದ್ದು ಒಂದಿತ್ತು. ರೇಷ್ಮೆ ನೂಲನ್ನು ಬಣ್ಣಕ್ಕೆ ಕೊಡುವ ಮೊದಲು ಸೋಪಿನ ನೀರಿನಲ್ಲಿ ಬೇಯಿಸಿ ಅದರ ಅಂಟು ಬಿಡಿಸಬೇಕು. ಅರೆಬೆಂದರೆ ಬಣ್ಣ ಅಂಟಿನ ಮೇಲೆ ಕೂರುತ್ತದೆ, ನೂಲಿಗೆ ಇಳಿಯುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ನಾವೇ ಮಾಡುವ ರೂಢಿ. ಆ ಸಲ ಊರಿಗೆ ಹೋದಾಗ ಬೇಯಿಸಿದ್ದು ನಾನು. ಚಳ್ಳಕೆರೆ ಬಸ್ಸಿಗೆ ಹೊತ್ತಾಯಿತು ಅಂತ ಬೇಗ ಇಳಿಸಿ, ಒಯ್ದು ಸಾಬರಿಗೆ ಕೊಟ್ಟು ಓಡಿದ್ದೆ. ಆ ಅವಸರವೂ ಈ ಗುಂಪು ನೋಡುವುದಕ್ಕೇ.

ಎರಡು ದಿನಕ್ಕೆ ಸೇನಾಧಿಪತಿಯ ಆದೇಶ ಬಂತು. ಮುಂದಿನ ಭಾನುವಾರ ಮೊಳಕಾಲ್ಮೂರಿಗೆ ಮುತ್ತಿಗೆ, ಬಣ್ಣದವನ ಮನೆ ಮುಂದೆ ಪಾಠ ಕಲಿಸೋಣ, ಮುಂದಾಳು ದುರ್ಗದ ಹುಲಿ. ಕೆಳಗೆ ಸಾಲುಸಾಲು ಜೈಕಾರ. ಕೂಡಲೇ ನಾನು ಬರೆದದ್ದನ್ನು ಅಳಿಸಿದೆ, ಅಷ್ಟರಲ್ಲಿ ಹತ್ತು ಜನ ಅದನ್ನು ನಕಲು ಮಾಡಿ ಹಾಕಿದ್ದರು. ವಿಷಯ ಮುಗಿಯಿತು, ರಾಜಿಯಾಯಿತು ಅಂತ ಬರೆದೆ. "ಹುಲಿ ಹಣ ತಿಂದಿದೆಯಾ, ಮೊದಲು ಹುಲಿಯ ಮನೆ ಹುಡುಕಬೇಕು" ಅಂತ ಒಬ್ಬ ಬರೆದ. ಅಪ್ಪನಿಗೆ ಹೇಳಿದರೆ ಓದು ಅಲ್ಲಿಗೆ ಮುಗಿಯಿತು. ಗುಂಪು ಬಿಟ್ಟು ಓಡಿಹೋದರೆ ಸಾಬರ ಹೆಸರು ಅಲ್ಲೇ ಉಳಿಯುತ್ತದೆ. ಕೂತರೆ ಪ್ಲೈವುಡ್ ಮೂರು ಕಡೆಯಿಂದ ಮೈಮೇಲೆ ಬಂದ ಹಾಗಾಗುತ್ತಿತ್ತು, ಎದ್ದರೆ ಹೋಗಲು ಜಾಗವಿರಲಿಲ್ಲ.

ಮಂಗಳವಾರ ಮಹಾಪ್ರಭುಗಳು ಮೂರ್ಛೆ ಹೋದರು. ಟೈಪ್‌ರೈಟರಿಗೆ ಬಂದು ಕೂತೆ. ಒಂದು ಪುಟದಲ್ಲಿ ಮೂವತ್ತು ತಪ್ಪು. ಮೇಷ್ಟ್ರು ಹಾಳೆ ತಿರುಗಿಸಿ ತಿರುಗಿಸಿ ನೋಡಿದರು. "ಇದು ನಿನ್ನ ಕೈಯಲ್ಲ ತಾಯಿ. ಯಾರ ಕೈ ಇದು?"

ಎಲ್ಲ ಹೇಳಿಬಿಟ್ಟೆ. ನೂಲು ಬೇಯಿಸಿದ್ದನ್ನೂ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಕರೆಂಟು ಬಂದ ಮೇಲೆ ನನ್ನ ಬರಹದ ನಕಲನ್ನೂ ಸೇನಾಧಿಪತಿಯ ಆದೇಶವನ್ನೂ ಪ್ರಿಂಟ್ ತೆಗೆದು, ನನ್ನನ್ನು ಮತ್ತೆ ಹಳೇ ಮಷಿನ್ ಮುಂದೆ ಕೂರಿಸಿದರು. "ಡಿಕ್ಟೇಶನ್. ಹೊಡಿ."

ಪರೀಕ್ಷೆಗೆ ಓದುವ ಅದೇ ಸಪ್ಪೆ ದನಿಯಲ್ಲಿ ಸೇನಾಧಿಪತಿಯ ಆದೇಶ ಓದಿದರು. "ಎದ್ದೇಳಿ ವೀರರೇ, ಕಾಮಾ, ಹೋಗಿದ್ದು ಸೀರೆಯ ಬಣ್ಣವಲ್ಲ, ಕಾಮಾ, ನಮ್ಮ ಮಾನ. ಇನ್ನು ಆಶ್ಚರ್ಯಸೂಚಕ, ಹನ್ನೊಂದು."

ನಮ್ಮ ಮಷಿನ್ನಿನಲ್ಲಿ ಆಶ್ಚರ್ಯಸೂಚಕದ ಕೀಲಿಯೇ ಇರಲಿಲ್ಲ. ಮೇಲಿನ ಗೆರೆ ಹೊಡೆದು, ಬ್ಯಾಕ್‌ಸ್ಪೇಸ್ ಒತ್ತಿ ಒಂದು ಮನೆ ಹಿಂದೆ ಬಂದು, ಕೆಳಗೆ ಚುಕ್ಕಿ ಇಡಬೇಕು. ಒಂದಕ್ಕೆ ಮೂರು ಏಟು. ಹೊಡೆದೆ. ನಾಲ್ಕನೆಯದಕ್ಕೆ ಇದೇನು ಹುಚ್ಚು ಅನ್ನಿಸಿತು. ಏಳನೆಯದಕ್ಕೆ ನಗು ಬಂತು, ನಗು ಬಂದ ಬೆನ್ನಿಗೇ ಅಳು.

"ಎಷ್ಟಾಯ್ತು?"

"ಏಳು ಸರ್."

"ಕಂಪ್ಯೂಟರಲ್ಲಿ ಒಂದು ಸಲ ಬೆರಳಿಟ್ಟು ಒತ್ತಿ ಹಿಡಿದ್ರೆ ನೂರು ಬೀಳ್ತೈತೆ, ಅದಕ್ಕೆ ಇವರಿಗೆ ಇಷ್ಟು ಸಿಟ್ಟು ಐತೆ. ಇನ್ನ ನಾಲ್ಕು ಬಾಕಿ ಐತೆ, ಮುಗಿಸು."

ಮುಗಿಸಿದೆ. ಅಷ್ಟು ಹೊತ್ತಿಗೆ ಅವರು ಪ್ಲೈವುಡ್ಡಿನ ಹಿಂದೆ ಹೋಗಿ 'ಗುಮಾಸ್ತ' ಅನ್ನುವ ಹೆಸರಿನಲ್ಲಿ ಗುಂಪು ಸೇರಿಯಾಗಿತ್ತು. ಹೇಳುತ್ತಾ ಹೋದರು, ನಾನು ಕಂಪ್ಯೂಟರಿನಲ್ಲಿ ಟೈಪ್ ಮಾಡಿದೆ. ವಿಷಯ: ಭಾನುವಾರದ ಮುತ್ತಿಗೆ ಕುರಿತು. ಉಲ್ಲೇಖ: ಸೇನಾಧಿಪತಿಗಳ ಆದೇಶ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಭಾಗವಹಿಸುವ ವೀರರು ತಮ್ಮ ಹೆಸರು, ತಂದೆಯ ಹೆಸರು, ಪಿನ್ ಕೋಡ್ ಸಹಿತ ವಿಳಾಸ, ಎರಡು ಪಾಸ್‌ಪೋರ್ಟ್ ಫೋಟೋ ಕಳುಹಿಸತಕ್ಕದ್ದು. ಮುದ್ದೆಯೋ ಅನ್ನವೋ ಮುಂಚೆಯೇ ತಿಳಿಸತಕ್ಕದ್ದು. ಇಪ್ಪತ್ತೈದು ವರ್ಷದೊಳಗಿನವರು ತಾಯಿಯ ಒಪ್ಪಿಗೆ ಪತ್ರ ಲಗತ್ತಿಸತಕ್ಕದ್ದು. ಬಸ್ಸು ತಡವಾದರೆ ಯುದ್ಧವೂ ತಡವಾಗುತ್ತದೆ, ಸಹಕರಿಸಿ.

ಮೊದಲು ಬೈಗುಳ ಬಂದವು. ಮೇಷ್ಟ್ರು ಪ್ರತಿಯೊಂದಕ್ಕೂ "ತಮ್ಮ ಬೈಗುಳ ತಲುಪಿದೆ, ಆದರೆ ಪಿನ್ ಕೋಡ್ ನಮೂದಿಸಿಲ್ಲ" ಅಂತ ಉತ್ತರ ಹಾಕಿಸಿದರು. ಬುಧವಾರದ ಹೊತ್ತಿಗೆ ಒಬ್ಬನಿಗೆ ಭಾನುವಾರ ಅಕ್ಕನ ಮಗುವಿನ ನಾಮಕರಣ ನೆನಪಾಯಿತು. ಇನ್ನೊಬ್ಬನಿಗೆ ಪರೀಕ್ಷೆ. ಒಬ್ಬ ತಾನು ದುಬೈನಲ್ಲಿದ್ದೇನೆ, ಮನಸ್ಸಿನಿಂದ ಬರುತ್ತೇನೆ ಅಂದ. ಮನಸ್ಸಿನಿಂದ ಬರುವವರಿಗೆ ಊಟವೂ ಮನಸ್ಸಿನಲ್ಲೇ ಅಂತ ಗುಮಾಸ್ತ ಬರೆದ. ಒಬ್ಬ ಚಿತ್ರಾನ್ನ ಇರುತ್ತದಾ ಅಂತ ಕೇಳಿದ. ಜನ ನಗತೊಡಗಿದರು. ಶುಕ್ರವಾರ ಗುಮಾಸ್ತ ಸೇನಾಧಿಪತಿಯ ವಿಳಾಸವನ್ನೇ ಕೇಳಿದ. ಆಮೇಲೆ ಸೇನಾಧಿಪತಿ ಆ ಗುಂಪಿನಲ್ಲಿ ಕಾಣಲಿಲ್ಲ.

ಆದರೂ ನನ್ನ ಎದೆ ತಣ್ಣಗಾಗಲಿಲ್ಲ. ನಾನೂರರಲ್ಲಿ ನಾಲ್ಕು ಜನ ಬಂದರೂ ಸಾಕಲ್ಲ. "ನಾನೂ ಬರ್ತೀನಿ ಬಿಡು" ಅಂದರು ಮೇಷ್ಟ್ರು. ಶನಿವಾರ ನಾನು ಊರಿಗೆ ಹೋದೆ. ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಅವರು ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಕಂಕುಳಲ್ಲಿ ಕೊಡೆ, ಕೈಯಲ್ಲಿ ಇನ್‌ಸ್ಟಿಟ್ಯೂಟಿನ ಹಾಜರಿ ಪುಸ್ತಕ. ಹೊಸ ಪುಟ ತೆಗೆದು ಮೇಲೆ 'ಮುತ್ತಿಗೆ' ಅಂತ ಬರೆದು, ಕೆಳಗೆ ಉದ್ದಕ್ಕೂ ಗೆರೆ ಎಳೆದು ಕಲ್ಲುಬೆಂಚಿನ ಮೇಲೆ ಕೂತರು. ಬಸ್ಸು ಬಂದಾಗಲೆಲ್ಲ ನಾನು ಎದ್ದು ನಿಂತು ಇಳಿಯುವವರ ಮುಖ ನೋಡುತ್ತಿದ್ದೆ. ಇಳಿದವರು ಬುಟ್ಟಿಯವರು, ಕುರಿ ಮಾರಿ ಬಂದವರು, ಸೀರೆ ನೋಡಲು ಬಂದ ಮದುವೆ ಮನೆಯವರು. ಸಂಜೆ ನಾಲ್ಕರವರೆಗೆ ಆ ಪುಟದಲ್ಲಿ ಒಂದು ಹೆಸರೂ ಬೀಳಲಿಲ್ಲ.

ಮೇಷ್ಟ್ರು ಪುಸ್ತಕ ಮುಚ್ಚಿದರು. ನಾನು ಉಸಿರು ಬಿಟ್ಟು ನಕ್ಕೆ. ಅವರು ನಗಲಿಲ್ಲ.

"ನಗಿಸೋ ಕೆಲಸ ನಂದಿತ್ತು, ಮುಗೀತು. ಉಳಿದಿದ್ದು ನಿಂದು. ಸಾಬರ ಮನೆಗೆ ಹೋಗಿ ಬಾ, ಇಲ್ಲೇ ಇರ್ತೀನಿ."

"ಯಾರೂ ಬರಲಿಲ್ಲವಲ್ಲ ಸರ್. ಅವರಿಗೆ ಗೊತ್ತೇ ಇಲ್ಲ."

"ನಿಂಗೆ ಗೊತ್ತೈತಲ್ಲ. ಹೋಗು."

ಸಾಬರು ಹಿತ್ತಲಲ್ಲಿ ಬಣ್ಣದ ಹಂಡೆ ಮುಂದೆ ಕೋಲು ಹಿಡಿದು ನೂಲು ತಿರುವುತ್ತಿದ್ದರು. ಮೊಣಕೈವರೆಗೆ ಕೆಂಪು. ನಿಂತಲ್ಲೇ ಎಲ್ಲ ಒದರಿದೆ. ಗುಂಪು, ಹುಲಿ, ಮುತ್ತಿಗೆ. ಅವರಿಗೆ ಅರ್ಧ ಅರ್ಥವಾಯಿತೋ ಇಲ್ಲವೋ. ಒಂದೇ ಕೇಳಿದರು. "ನಮ್ಮ ಬೀದೀನೂ ಬರ್ದಿದ್ದಾ?" ಹೂಂ ಅಂದೆ. ಒಳಗೆ ಮೊಮ್ಮಕ್ಕಳು ಗಲಾಟೆ ಮಾಡುತ್ತಿದ್ದವು. ಅವರು ಒಮ್ಮೆ ಆ ಕಡೆ ನೋಡಿದರು.

"ಸಾಬರೇ, ಆ ನೂಲು ಅರೆಬೆಂದಿತ್ತು. ಬೇಯಿಸಿದ್ದು ನಾನು" ಅಂದೆ.

"ಅದು ನೀರಿಗೆ ಹಾಕಿದ ಕೂಡಲೇ ಗೊತ್ತಾಯ್ತು ಬೇಟಾ" ಅಂದರು, ಕೋಲು ತಿರುವುತ್ತಲೇ. "ಬಸ್ಸಿಗೆ ಹೊತ್ತಾಯ್ತು ಅಂತ ನೀನೇ ತಂದು ಕೊಟ್ಟು ಓಡಿದ್ದಲ್ಲ. ವಾಪಸ್ ಕಳಿಸಬೇಕಿತ್ತು, ಮದುವೆ ಸೀರೆ, ಟೈಮಿರಲಿಲ್ಲ. ಆಮೇಲೆ ನಿಮ್ಮಪ್ಪ ಬಂದು ನಿಂತ್ರು. ನಿನ್ನ ಹೆಸರು ಹೇಳಿದ್ರೆ ನಿನ್ನ ಓದು ಬಿಡಿಸ್ತಿದ್ರು. ನಂದೇ ಅಂದೆ."

ಅಲ್ಲೇ ಕೂತು ಅತ್ತುಬಿಟ್ಟೆ. ಸಾಬರು ಅಳಬೇಡ ಅನ್ನಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. "ಇನ್ಮೇಲೆ ನೂಲು ನೀನೇ ತಾ. ಬೆಂದೈತಾ ಅಂತ ನನ್ನ ಮುಂದೆ ತೋರಿಸಿ ಹೋಗು" ಅಂದರು.

ಬಸ್ ಸ್ಟ್ಯಾಂಡಿಗೆ ಬಂದು ಮೇಷ್ಟ್ರಿಗೆ ಹೇಳಿದೆ. ಈಗ ಏನಾದರೂ ತಮಾಷೆ ಮಾಡುತ್ತಾರೆ, ಹಗುರಾಗುತ್ತದೆ ಅಂತ ಕಾದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಹಾಕಿಕೊಂಡು ಮತ್ತೆ ತೆಗೆದು ಒರೆಸಿದರು. ಚಳ್ಳಕೆರೆ ಬಸ್ಸು ಬಂದಾಗ ಕೊಡೆ, ಪುಸ್ತಕ ಎತ್ತಿಕೊಂಡು ಹತ್ತಿದರು.

ಆಮೇಲೆ ನಾನು ಪರೀಕ್ಷೆ ಪಾಸು ಮಾಡಿ ನಮ್ಮೂರಿನಲ್ಲೇ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆದೆ. ಚಳ್ಳಕೆರೆಗೆ ಹೋದಾಗೆಲ್ಲ ಮಹಡಿ ಹತ್ತುತ್ತಿದ್ದೆ. ಸ್ಪೀಡು ಎಷ್ಟು, ಸಂಬಳ ಎಷ್ಟು ಅಂತ ಅವರು ಒಮ್ಮೆಯೂ ಕೇಳಲಿಲ್ಲ. "ಸಾಬರ ಕಡೆ ಹೋಗಿದ್ಯಾ?" ಇಷ್ಟೇ. ಹೋಗಿದ್ದೆ ಸರ್ ಅಂದರೆ ಟೀ ತರಿಸುತ್ತಿದ್ದರು. ಇಲ್ಲ ಅಂದ ದಿನ ತರಿಸುತ್ತಿರಲಿಲ್ಲ.

ಎರಡು ವರ್ಷ ಹೀಗೇ ನಡೆಯಿತು. ಒಂದು ಬೆಳಗ್ಗೆ ಎದೆ ನೋವು ಅಂತ ಕೂತ ಮೇಷ್ಟ್ರು ಆಸ್ಪತ್ರೆಗೆ ಹೋಗುವಷ್ಟೂ ಹೊತ್ತು ಕೊಡಲಿಲ್ಲ. ನಾನು ಹೋಗುವಷ್ಟರಲ್ಲಿ ಸ್ನಾನ ಮಾಡಿಸಿ ಮಲಗಿಸಿದ್ದರು. ಉಗುರ ಸಂದಿಯ ನೀಲಿ ಹಾಗೇ ಇತ್ತು. ಅದನ್ನು ನೋಡಿದ್ದೇ ತಡ, ಅಲ್ಲಿವರೆಗೆ ಹಿಡಿದಿಟ್ಟ ಅಳು ನಿಲ್ಲಲಿಲ್ಲ. ಯಾರೋ ಮಗಳಾ ಅಂತ ಕೇಳಿದರು.

ಮಾರನೇ ದಿನ ಊರಿಗೆ ಬಂದವಳು ಮನೆಗೆ ಹೋಗಲಿಲ್ಲ, ನೆಟ್ಟಗೆ ಸಾಬರ ಹಿತ್ತಲಿಗೆ ಹೋದೆ. ಹಂಡೆ ಕುದಿಯುತ್ತಿತ್ತು. ಮೇಷ್ಟ್ರು ಹೋದರು ಅಂದೆ. ಇಬ್ಬರೂ ಒಬ್ಬರನ್ನೊಬ್ಬರು ಒಂದು ದಿನವೂ ನೋಡಿದವರಲ್ಲ, ನನ್ನ ಬಾಯಲ್ಲಿ ಕೇಳಿದ್ದಷ್ಟೇ.

"ಯಾರು, ಆ ಮುತ್ತಿಗೆಯವರಿಗೆ ಮುದ್ದೇನೋ ಅನ್ನಾನೋ ಅಂತ ಕೇಳಿದೋರಾ?" ಅಂದರು ಸಾಬರು. ಅವರ ಮುಖದಲ್ಲಿ ಸ್ವಲ್ಪ ನಗು ಬಂದು ಹೋಯಿತು. ಕೋಲು ಗೋಡೆಗೆ ಒರಗಿಸಿ, ಒಲೆಯಿಂದ ಸೌದೆ ಒಂದೊಂದಾಗಿ ಹಿಂದಕ್ಕೆಳೆದು ನೀರು ಚಿಮುಕಿಸಿದರು. ಆಮೇಲೆ ನನ್ನ ಪಕ್ಕ ಬಂದು ಕಟ್ಟೆಯ ಮೇಲೆ ಕೂತರು. ಅವತ್ತು ಅವರು ಮತ್ತೆ ಒಲೆ ಹಚ್ಚಲಿಲ್ಲ.