ಬುರುಡೆ ಬಿಟ್ಟವರು ಯಾರು?

ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಸುಜಾತ ವೈರಸ್ ಬಿಟ್ಟಳು ಅನ್ನುವ ಕಥೆಯನ್ನು ಚಿತ್ರದುರ್ಗದಲ್ಲಿ ನನ್ನ ಸಹಪಾಠಿಗಳು ಯಾರು ಸಿಕ್ಕಿದರೂ ನಿಮಗೆ ಹೇಳುತ್ತಾರೆ. ಚೆನ್ನಾಗಿಯೇ ಹೇಳುತ್ತಾರೆ, ನಗಿಸುತ್ತಾರೆ. ನನ್ನ ತಕರಾರು ಸಣ್ಣದು: ಅದರಲ್ಲಿ ವೈರಸ್ಸೇ ಇರಲಿಲ್ಲ. ವೈರಸ್ ತೆಗೆದುಬಿಟ್ಟರೆ ಆ ಕಥೆಯಲ್ಲಿ ಉಳಿಯುವುದೇನು ಅಂತ ಯಾರೂ ಕೇಳುವುದಿಲ್ಲ.

ಮೊನ್ನೆ ಹೊಳಲ್ಕೆರೆಯ ಒಂದು ಮದುವೆಯಲ್ಲಿ ಫೋಟೋದವನು ಲ್ಯಾಪ್‌ಟಾಪಿನಿಂದ ದೊಡ್ಡ ಟಿವಿಗೆ ವಧೂವರರ ಚಿತ್ರ ಬಿಡುತ್ತಿದ್ದ. ಏನೋ ಕೈಕೊಟ್ಟು ಮೌಸಿನ ಬಾಣ ಮದುಮಗನ ಮೂಗಿನ ಮೇಲೆ ನಿಂತುಬಿಟ್ಟಿತು. "ಲೇ, ಸುಜಾತನ ವೈರಸ್ ಬಂತು ಕಣ್ರೋ!" ಎಂದು ನಮ್ಮ ಹಳೆಯ ಬೆಂಚಿನವನೊಬ್ಬ ಕೂಗಿದ. ಊಟದ ಇಡೀ ಸಾಲು ನಕ್ಕಿತು. ನನ್ನ ಬಾಯೊಳಗಿನ ಚಿರೋಟಿ ಮಣ್ಣಾಯಿತು.

ನಾನು ಜಗಳಗಂಟಿ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆದ್ದವಳು. ಅವುಗಳಲ್ಲಿ ಅಮ್ಮ ಈಗ ಸಾಸಿವೆ, ಮೆಂತ್ಯ ಹಾಕಿಟ್ಟಿದ್ದಾಳೆ. ನನ್ನ ವಾದಗಳಿಂದ ಮನೆಗಾದ ಲಾಭ ಅಷ್ಟೆ. ಗೆಲ್ಲಲೇಬೇಕಾಗಿದ್ದ ದಿನ ಸೋತೆ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಲ್ಯಾಬಿನಲ್ಲಿದ್ದವು ಮುದಿ ಮೆಷಿನ್‌ಗಳು. ವಿಂಡೋಸ್ ಭಾರವಾಗುತ್ತದೆಂದು ಲಿನಕ್ಸ್ ಹಾಕಿದ್ದರು. ಪರದೆಯ ಹಿನ್ನೆಲೆ ಗೋಣಿಚೀಲದ ನೇಯ್ಗೆಯಂಥ ಬೂದು. ಅದರ ಮೇಲೆ ಓಡಾಡುವುದು ಬಾಣವೂ ಅಲ್ಲ, ಒಂದು ಕಪ್ಪು ಇಂಟು ಮಾರ್ಕು. ಮದಕರಿಪುರದಿಂದ ಬಸ್ಸಿಗೆ ಬರುತ್ತಿದ್ದ ಸುಜಾತ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. "ನಾವು ಏನೂ ಬರೆಯಾಕ್ ಮುಂಚೇನೇ ತಪ್ಪು ಅಂತ ಹಾಕ್ಕಂಡು ಕುಂತೈತಲ್ಲೇ ಇದು!" ಎಂದು ದಿನಾ ಗೊಣಗುತ್ತಿದ್ದಳು.

ಗೊಣಗಿ ಸುಮ್ಮನಿರುವವಳಲ್ಲ. ಮೆಷಿನ್‌ನೊಳಗೇ ಇದ್ದ ಸಹಾಯದ ಪುಟಗಳನ್ನು ಓದಿದಳು. ಮೌಸಿನಿಂದ ಒತ್ತಿ ಬದಲಿಸುವ ಸೌಕರ್ಯ ಅಲ್ಲಿರಲಿಲ್ಲ. ಕಪ್ಪು ಕಿಟಕಿಯೊಂದರಲ್ಲಿ ಆಜ್ಞೆ ಟೈಪು ಮಾಡಬೇಕು. ಆಜ್ಞೆಯ ಹೆಸರು ಎಕ್ಸ್‌ಸೆಟ್‌ರೂಟ್. ಅದರ ಮುಂದೆ ಸಾಲಿಡ್ ಎಂದು ಬರೆದು ಒಂದು ಬಣ್ಣ ಹೇಳಿದರೆ ಗೋಣಿಚೀಲ ಮಾಯ. ಟೊಮೇಟೊ ಎಂದು ಹೊಡೆದಳು. ಪರದೆ ಹಣ್ಣಾಯಿತು.

"ಟೊಮೇಟೊ ಅಂದ್ರೂ ತಿಳಿತೈತೆ ಕಣೇ ಇದಕ್ಕೆ! ಬದನೇಕಾಯಿ ಹೊಡಿಯಾಣ?"

ಬದನೇಕಾಯಿ ಅದಕ್ಕೆ ತಿಳಿಯಲಿಲ್ಲ. ಆಮೇಲೆ ಇಂಟು ಮಾರ್ಕಿಗೆ ಕೈಹಾಕಿದಳು. ಅದೇ ಆಜ್ಞೆಗೆ ಪೈರೇಟ್, ಅಂದರೆ ಕಡಲ್ಗಳ್ಳ, ಎಂಬ ಹೆಸರು ಕೊಟ್ಟಳು. ಕರೆಂಟ್ ಕಂಬದ ಅಪಾಯದ ಹಲಗೆಯಲ್ಲಿರುತ್ತದಲ್ಲ, ಅಂಥದೇ ಎಲುಬಿನ ಮೇಲಿನ ಬುರುಡೆ ಬಂದು ಕೂತಿತು. ಟೊಮೇಟೊ ಬಯಲಿನಲ್ಲಿ ಪುಟ್ಟ ಬುರುಡೆ ಅಡ್ಡಾಡುವುದನ್ನು ನೋಡಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು.

ಲ್ಯಾಬಿನ ಸರ್ ಬಂದರು. ಬುರುಡೆ ಕಂಡು ಹಿಂದಕ್ಕೆ ಸರಿದರು. "ಯಾರೂ ಮುಟ್ಟಬ್ಯಾಡ್ರಿ! ವೈರಸ್ ಬಂದೈತೆ!"

"ವೈರಸ್ ಅಲ್ಲ ಸರ್. ಲಾಗೌಟ್ ಮಾಡಿದ್ರೆ ಹೋಗ್ತೈತೆ," ಎಂದಳು ಸುಜಾತ.

ಸರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಕಪ್ಪು ಕಿಟಕಿಯಲ್ಲಿ ಅವಳು ಹೊಡೆದ ಸಾಲನ್ನು ಬಗ್ಗಿ ಓದಿದರು. ಸೆಟ್‌ರೂಟ್ ಎಂಬುದು ಕಣ್ಣಿಗೆ ಬಿತ್ತು. ಕೆಟ್ಟದ್ದು ಅಲ್ಲಿಂದ.

ನೋಡಿ, ಲಿನಕ್ಸಿನಲ್ಲಿ ರೂಟ್ ಎನ್ನುವ ಹೆಸರು ಇಡೀ ಮೆಷಿನ್‌ನ ಯಜಮಾನಿಕೆಯ ಖಾತೆಗೂ ಇದೆ, ಅದರ ಪಾಸ್‌ವರ್ಡ್ ಇದ್ದದ್ದು ಸರ್ ಒಬ್ಬರ ಬಳಿ. ಎಲ್ಲ ಕಿಟಕಿಗಳ ಅಡಿಯಲ್ಲಿ ಹಾಸಿರುವ ಬರೀ ಹಿನ್ನೆಲೆಗೂ ರೂಟ್ ಎಂದೇ ಹೆಸರು. ಸುಜಾತ ಬಣ್ಣ ಬಳಿದದ್ದು ಹಿನ್ನೆಲೆಗೆ. ಸರ್ ಪ್ರಿನ್ಸಿಪಾಲರ ಮುಂದೆ ಹೇಳಿದ್ದು, "ಯಜಮಾನಿಕೇನೇ ಕದ್ದಾಳೆ ಸರ್. ವೈರಸ್ ಬಿಟ್ಟಾಳೆ."

ಅವಳ ಪರವಾಗಿ ನಾನು ಎದ್ದೆ. "ಆ ರೂಟ್ ಬೇರೆ, ಈ ರೂಟ್ ಬೇರೆ ಸರ್!"

ಪ್ರಿನ್ಸಿಪಾಲರು ಸಸ್ಯಶಾಸ್ತ್ರದವರು. "ರೂಟ್ ಅಂದ್ರೇನೇ ಬೇರು ತಾಯಿ. ಬೇರಿನಾಗೆ ಬೇರೆ ಎಲ್ಲಿಂದ ತಂದಿ?"

ಸರ್ ನಕ್ಕರು, ಗುಮಾಸ್ತರು ನಕ್ಕರು. ನಕ್ಕವರಿಗೆ ತೀರ್ಪು ಕೊಡುವುದು ಸಲೀಸು. ಸುಜಾತ ಇನ್ನು ಲ್ಯಾಬಿಗೆ ಕಾಲಿಡಕೂಡದು ಎಂದಾಯಿತು. ಲ್ಯಾಬಿಲ್ಲದೆ ಪ್ರಾಕ್ಟಿಕಲ್ ಇಲ್ಲ, ಪ್ರಾಕ್ಟಿಕಲ್ ಇಲ್ಲದೆ ಕಂಪ್ಯೂಟರ್ ವಿಷಯವೇ ಇಲ್ಲ. ಅವಳು ಬಿಎಗೆ ಹೋದಳು.

ಸರ್‌ಗೆ ತಿಳಿಯಲಿಲ್ಲ ಎಂಬುದಕ್ಕೆ ನಾನು ಇಷ್ಟು ವರ್ಷ ಉರಿಯುತ್ತಿಲ್ಲ. ತಿಳಿಯದಿರುವುದು ಯಾರಿಗಾದರೂ ಆಗುತ್ತದೆ. ಆದರೆ ಮಾರನೆಯ ದಿನ ಲ್ಯಾಬಿನ ಕಿಟಕಿಯಿಂದ ಇಣುಕಿದರೆ, ಸರ್ ಅದೇ ಮೆಷಿನ್ ಮುಂದೆ ಕೂತಿದ್ದಾರೆ; ಪರದೆಯಲ್ಲಿ ಮತ್ತೆ ಅದೇ ಗೋಣಿಚೀಲ, ಅದೇ ಇಂಟು ಮಾರ್ಕು. ಸುಜಾತ ಹೇಳಿದ ಹಾಗೆಯೇ ಬುರುಡೆ ತಾನಾಗಿ ಹೋಗಿತ್ತು.

"ನೋಡಿದ್ರಾ ಸರ್?" ಎಂದೆ ಕಂಬಿಯ ಈಚೆಯಿಂದ.

"ನಾನು ತೆಗೆದೆ ಕಣಮ್ಮ, ಬಾಳ ಕಷ್ಟಪಟ್ಟು," ಎಂದರು, ಕಣ್ಣೆತ್ತದೆ.

ಬುರುಡೆ ಹಾಕಿದವಳು ಆಚೆ, ಬುರುಡೆ ಬಿಟ್ಟವರು ಒಳಗೆ. ಸರ್ ಮಾತನ್ನೇ ಎಲ್ಲರೂ ನಂಬಿದರು, ಈಗಲೂ ಊಟದ ಸಾಲಿನಲ್ಲಿ ಬಡಿಸುತ್ತಾರೆ.

ಸುಜಾತ ಈಗ ಹೊಸದುರ್ಗದ ಒಂದು ಶಾಲೆಯಲ್ಲಿ ಸಮಾಜ ಪಾಠ ಮಾಡುತ್ತಾಳೆ. ಅಲ್ಲಿಗೂ ಕಂಪ್ಯೂಟರ್‌ಗಳು ಬಂದಿವೆ. ಅವಳು ಮುಟ್ಟುವುದಿಲ್ಲ. ಕಳೆದ ಸಲ ಕೇಳಿದ್ದಕ್ಕೆ, "ಬ್ಯಾಡ ಬಿಡೇ. ಆವತ್ತು ನಂದೇ ಕೈ ಏನೋ ಕೆಡಿಸಿತ್ತೇನೋ. ಅಷ್ಟು ಜನ ಹೇಳ್ತಾರಂದ್ರೆ..." ಎಂದಳು. ಬದನೇಕಾಯಿ ಹೊಡಿಯಾಣ ಅಂದವಳು! ಅವಳ ಮೇಲಿನ ಸುಳ್ಳನ್ನು ಕೊನೆಗೆ ಅವಳೂ ನಂಬಿದ್ದಾಳೆ. ಲ್ಯಾಬು ಕಿತ್ತುಕೊಂಡದ್ದಕ್ಕಿಂತ ಇದು ನನ್ನ ಮೈ ಉರಿಸುತ್ತದೆ.

ಹೊಳಲ್ಕೆರೆಯ ಆ ಮದುವೆಗೆ ಸರ್ ಕೂಡ ಬಂದಿದ್ದರು. ವೈರಸ್ ಎಂದು ಕೂಗಿದಾಗ ಎಲ್ಲರ ಜೊತೆ ನಕ್ಕಿದ್ದರು. ಕೈ ತೊಳೆಯುವ ನಲ್ಲಿಯ ಹತ್ತಿರ ಅವರನ್ನು ಹಿಡಿದೆ.

"ಸರ್, ಆ ಬುರುಡೆ ನೀವು ತೆಗೆದಿದ್ದಲ್ಲ ಅಲ್ವಾ?"

"ಏ, ಹಳೇದೆಲ್ಲ ಈಗ್ಯಾಕಮ್ಮ? ಊಟ ಆತಾ? ಪಾಯಸ ಹಾಕಿಸ್ಕಂಡ್ಯಾ?" ನಲ್ಲಿ ನಿಲ್ಲಿಸಿ, ಜೇಬಿನಲ್ಲಿ ಕರವಸ್ತ್ರ ಹುಡುಕತೊಡಗಿದರು.

ನನ್ನ ಬಳಿ ವಾದ ಸಿದ್ಧವಿತ್ತು, ವರ್ಷಗಟ್ಟಲೆ ಮಸೆದಿಟ್ಟದ್ದು. ಅಲ್ಲಿ ನಿಂತಾಗ ಅದು ಯಾತಕ್ಕೂ ಬೇಡವೆನಿಸಿತು. ಇವರನ್ನು ಸೋಲಿಸಿದರೆ ನನಗೆ ಇನ್ನೊಂದು ಕಪ್ಪು ಸಿಗಬಹುದು, ಸುಜಾತಳಿಗೆ ಏನು ಸಿಗುತ್ತದೆ?

"ಹೊಸದುರ್ಗದ ಬಸ್ಸು ಇಲ್ಲೇ ಮುಂದೆ ನಿಲ್ತೈತೆ ಸರ್. ಹೋಗಾಣ ಬರ್ರಿ. ನೀನು ಏನೂ ಕೆಡಿಸಿರಲಿಲ್ಲ ಕಣಮ್ಮ ಅಂತ ಅವಳ ಎದುರಿಗೆ ಒಂದು ಮಾತು ಹೇಳ್ತೀರಾ?"