ಮಡಿಸಿಟ್ಟ ಸುದ್ದಿ

ಜ್ಯೋತ್ಸ್ನಾ ಮದುವೆಯಾಗಿ ಸಾರಕ್ಕಿಯ ಆ ಮನೆಗೆ ಬಂದಾಗ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸಕ್ಕಿದ್ದಳು. ನಿಂಬೆಹಣ್ಣಿನ ಬಣ್ಣದ ಕಾಟನ್ ಸೀರೆ ಉಟ್ಟು, ಕೊರಳಿಗೆ ಆಫೀಸಿನ ಕಾರ್ಡು ತೂಗಿಸಿಕೊಂಡು ಬಸ್ ಸ್ಟಾಪಿಗೆ ನಡೆಯುತ್ತಿದ್ದರೆ ಬೀದಿಯ ಹೆಂಗಸರು ಕಾಂಪೌಂಡಿನ ಮೇಲಿಂದ ನೋಡುತ್ತಿದ್ದರು. ಮಗಳು ಸುರಭಿ ಹುಟ್ಟಿದಳು, ಅತ್ತೆಗೆ ಕಾಯಿಲೆಯಾಯಿತು, ಆರು ತಿಂಗಳಿಗೆಂದು ಬಿಟ್ಟ ಕೆಲಸ ಬಿಟ್ಟೇ ಹೋಯಿತು. ಈಗ ಅತ್ತೆ ಇಲ್ಲ, ಸುರಭಿ ಮೈಸೂರಿನ ಹಾಸ್ಟೆಲ್ಲಿನಲ್ಲಿ. ಗಂಡ ಮಾಧವ ಬೆಳಗ್ಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಮನೆಯಲ್ಲಿ ಅವಳೂ ಕುಕ್ಕರೂ ಇಬ್ಬರೇ ಮಾತಾಡಿಕೊಳ್ಳಬೇಕು.

ಮತ್ತೆ ಕೆಲಸಕ್ಕೆ ಹೋಗಬೇಕೆಂದು ಅವಳ ಜೀವ ಹಟ ಹಿಡಿಯಿತು. ಅವಳು ಕಲಿತಿದ್ದ ವಿದ್ಯೆಯೆಲ್ಲ ಹಳೆಯದಾಗಿತ್ತು. ಊಟದ ಮೇಜಿನ ಮೇಲೆ ಮಗಳ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಹೊಸತನ್ನು ಕಲಿತಳು. ಎಷ್ಟೋ ಸಲ ಸಾರು ತಳ ಹಿಡಿಯಿತು. ಆದರೂ ಯಾವ ಕಂಪನಿಗೆ ಹೋದರೂ ಅದೇ ಪ್ರಶ್ನೆ, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು. ಏನು ಮಾಡುತ್ತಿದ್ದಳು ಎಂದು ಹೇಳಲು ಹೊರಟರೆ ಅವರಿಗೆ ಕೇಳುವಷ್ಟು ಪುರುಸೊತ್ತಿರುತ್ತಿರಲಿಲ್ಲ.

ಕೊನೆಗೆ ಜೆ.ಪಿ. ನಗರದಲ್ಲಿ ಬೇಕರಿಯ ಮಹಡಿ ಮೇಲಿನ ಒಂದು ಸಣ್ಣ ಕಂಪನಿಯವನು ಆ ಪ್ರಶ್ನೆ ಕೇಳಲಿಲ್ಲ. ಚಿರಂತ್ ಎಂದು ಅವನ ಹೆಸರು, ಅವಳ ಅಕ್ಕನ ಮಗನ ವಯಸ್ಸಿನವನು.

"ಮೇಡಂ, ಸರ್ಟಿಫಿಕೇಟ್ ಎಲ್ಲ ಒಳಗಿಡಿ. ಫೋನಲ್ಲಿ ಸುದ್ದಿ ಓದೋಕೆ ಒಂದು ಸಿಂಪಲ್ ವಿಜೆಟ್ ಮಾಡಿ. ನಿಮ್ಮ ಮನೆಯವರನ್ನ ಬಿಟ್ಟು ಬೇರೆಯವರ ಫೋನಿಗೆ ಹಾಕ್ಕೊಡಿ. ತಿಂಗಳಾದ್ಮೇಲೂ ಅವರು ಅದನ್ನ ಇಟ್ಕೊಂಡಿದ್ರೆ ಕೆಲಸ ನಿಮ್ದು."

ವಿಜೆಟ್ ಎಂದರೆ ದೊಡ್ಡದೇನಲ್ಲ. ಫೋನು ಕೈಗೆತ್ತಿಕೊಂಡರೆ ಮುಖದ ಮೇಲೇ ಕೂತಿರುವ ಒಂದು ಪುಟ್ಟ ಚೌಕ. ಪತ್ರಿಕೆಯವರು ತಮ್ಮ ತಲೆಬರಹಗಳನ್ನು ಹೊತ್ತುಹೊತ್ತಿಗೆ ಹೊರಗೆ ಬಿಡುತ್ತಿರುತ್ತಾರೆ, ಅದಕ್ಕೆ ಫೀಡ್ ಎನ್ನುತ್ತಾರೆ. ಬೀದಿ ನಲ್ಲಿಯ ನೀರನ್ನು ಬಿಂದಿಗೆಗೆ ಹಿಡಿದ ಹಾಗೆ ಅದನ್ನು ಹಿಡಿದು ಚೌಕದೊಳಗೆ ತುಂಬಬೇಕು. ಜ್ಯೋತ್ಸ್ನಾ ಹಿಡಿದಳು, ತುಂಬಿದಳು. ಮೊದಲ ದಿನ ಕನ್ನಡದ ಅಕ್ಷರವೆಲ್ಲ ಒಡೆದು ಖಾಲಿ ಡಬ್ಬಿಗಳ ಸಾಲಾಗಿ ಬಂತು. ಮಾಧವ ಇಣುಕಿ ನೋಡಿ, "ಭೇಷ್, ಜಗಳ ಇಲ್ಲ, ಗಲಾಟೆ ಇಲ್ಲ. ಇಷ್ಟು ನೆಮ್ಮದಿಯ ಸುದ್ದಿ ನಾನು ಓದೇ ಇರಲಿಲ್ಲ" ಎಂದ. "ನೀವು ಸುಮ್ನೆ ಹೋಗಿ ಹಾಲು ಉಕ್ಕುತ್ತಾ ನೋಡಿ" ಎಂದು ಅಟ್ಟಿದಳು.

ಅಕ್ಷರ ಸರಿಹೋದ ಮೇಲೆ ಚೌಕವನ್ನು ಪಾರ್ಕಿನ ಗುಂಪಿನ ಫೋನುಗಳಿಗೆ ಹಾಕಿದಳು. ಸಂಜೆ ನಾಲ್ಕು ಸುತ್ತು ನಡೆದು ನಲವತ್ತು ಸುತ್ತಿನಷ್ಟು ಮಾತಾಡುವ ಹೆಂಗಸರ ಗುಂಪದು. ಎದುರುಮನೆಯ ಪಾರ್ವತಮ್ಮ ಅದರ ಯಜಮಾನಿ ಇದ್ದ ಹಾಗೆ.

"ಎಷ್ಟು ಮುದ್ದಾಗಿದೆ!" ಎಂದರು ಪಾರ್ವತಮ್ಮ.

"ನಮ್ಮ ಜ್ಯೋತ್ಸ್ನಾ ಕೈಯಲ್ಲಿ ಏನ್ ಮಾಡಿದ್ರೂ ಸಖತ್ತಾಗೇ ಇರುತ್ತೆ ಬಿಡಿ" ಎಂದರು ಪಕ್ಕದ ಬೀದಿಯ ನೀಲಗಂಗಮ್ಮ.

ಎಷ್ಟು ಫೋನುಗಳು ಸುದ್ದಿ ತರಿಸಿಕೊಳ್ಳುತ್ತಿವೆ ಎಂಬ ಲೆಕ್ಕ ಜ್ಯೋತ್ಸ್ನಾಳ ಕಂಪ್ಯೂಟರಿಗೆ ತಿಳಿಯುತ್ತಿತ್ತು. ಯಾರದು ಎಂದು ಮಾತ್ರ ತಿಳಿಯುತ್ತಿರಲಿಲ್ಲ. ದಿನದಿಂದ ದಿನಕ್ಕೆ ಲೆಕ್ಕ ಇಳಿಯಿತು. ವಾರದ ಕೊನೆಗೆ ಒಂದೇ ಫೋನು ಉಳಿಯಿತು, ಅದು ಅವಳದೇ! ಪಾರ್ಕಿನಲ್ಲಿ ಕೇಳಿದರೆ ಎಲ್ಲರೂ, "ದಿನಾ ಅದನ್ನೇ ನೋಡೋದು ಕಣೇ!" ಎನ್ನುವವರೇ.

ಮಾಧವನಿಗೆ ಹೇಳಿಕೊಂಡಳು.

"ನಮ್ಮೋರು ಎಲೆ ಮುಂದೆ ಕೂತು ಸಾರಿಗೆ ಉಪ್ಪಿಲ್ಲ ಅಂದಿದ್ದು ನೋಡಿದ್ಯಾ ಯಾವತ್ತಾದ್ರೂ? ಕೈ ತೊಳೆದು ಆಚೆ ಬಂದ್ಮೇಲೇ ಅನ್ನೋದು" ಎಂದ ಅವನು.

ಮಾರನೆಯ ಬೆಳಗ್ಗೆ ಜ್ಯೋತ್ಸ್ನಾ ಎದುರುಮನೆಗೆ ಹೋದಳು. ಪಾರ್ವತಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು, ಪಕ್ಕದಲ್ಲೇ ಫೋನು. ಚೌಕ ಇರಬೇಕಾದ ಜಾಗದಲ್ಲಿ ಮೊಮ್ಮಗುವಿನ ಬೋಳುತಲೆಯ ಫೋಟೋ ನಗುತ್ತಿತ್ತು.

"ಅಯ್ಯೋ, ಅದು ಹೇಗೋ ಹೋಗ್ಬಿಡ್ತು ಕಣೇ. ನನ್ನ ಬೆರಳು ತಗುಲಿರ್ಬೇಕು" ಎಂದು ಪಾರ್ವತಮ್ಮ ಫೋನನ್ನು ಅವರೆ ಸಿಪ್ಪೆಯ ಕೆಳಗೆ ಸರಿಸಿದರು.

ಜ್ಯೋತ್ಸ್ನಾ ಕೂತು ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡಳು. "ಆಂಟಿ, ನೀವು ಹೊಗಳಿದ್ರೆ ನಂಗೆ ಕೆಲಸ ಸಿಗಲ್ಲ. ಬೈದ್ರೆ ಸಿಕ್ಕಿದ್ರೂ ಸಿಗಬಹುದು. ಒಂದ್ಸಲ ಬೈದ್ಬಿಡಿ."

ಪಾರ್ವತಮ್ಮ ಅವಳ ಮುಖ ನೋಡಿದರು. ಒಳಗೆ ಹೋಗಿ ಎರಡು ಲೋಟ ಕಾಫಿ ತಂದರು. ಬೈಯುವುದಕ್ಕೂ ಒಂದು ಮರ್ಯಾದೆ ಬೇಕಲ್ಲ.

"ಬೆಳಗ್ಗೆ ಎದ್ದು ಗಂಟೆ ಎಷ್ಟು ಅಂತ ಫೋನ್ ತಗೋತೀನಿ. ಇನ್ನೂ ಅಂಗೈ ನೋಡ್ಕೊಂಡಿಲ್ಲ, ದೇವರ ಮುಖ ನೋಡಿಲ್ಲ. ಅಷ್ಟರಲ್ಲೇ ನಿನ್ನ ಚೌಕ, ಲಾರಿ ಮಗುಚಿತು, ಇಷ್ಟು ಜನ ಸತ್ರು ಅನ್ನುತ್ತೆ. ಎದ್ದ ಕೂಡ್ಲೆ ಇದೇನೇ ನನ್ನ ಗ್ರಹಚಾರ?"

"ಪೇಪರಲ್ಲೂ ಅದೇ ಇರುತ್ತಲ್ಲ ಆಂಟಿ?"

"ಇರುತ್ತೆ. ಆದ್ರೆ ಪೇಪರು ಮಡಿಸ್ಕೊಂಡು ಬಂದು ಗೇಟಿನ ಹತ್ರ ತೆಪ್ಪಗೆ ಬಿದ್ದಿರುತ್ತೆ. ನಾನು ರಂಗೋಲಿ ಹಾಕಿ, ದೀಪ ಹಚ್ಚಿ, ಕಾಫಿ ಹಿಡ್ಕೊಂಡು, ನನಗೆ ಬೇಕಾದಾಗ ಬಿಚ್ತೀನಿ. ಅದು ಯಾವತ್ತೂ ನನ್ನ ಹಾಸಿಗೆ ಮೇಲೆ ಹತ್ತಿ ಬಂದಿಲ್ಲ."

ಜ್ಯೋತ್ಸ್ನಾ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಓಡಿದಳು. "ಕುಡ್ದಾದ್ರೂ ಹೋಗೇ!" ಎಂದು ಪಾರ್ವತಮ್ಮ ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

ಚೌಕವನ್ನು ಬಿಚ್ಚಿ ಮತ್ತೆ ಕಟ್ಟಿದಳು. ಈಗ ಅದರ ಮೇಲೆ ಮಡಿಸಿದ ಪೇಪರಿನ ಚಿತ್ರ, ಅಂದಿನ ವಾರ, ತಾರೀಕು, ಅಷ್ಟೇ. ಬೆರಳು ಮುಟ್ಟಿಸಿದರೆ ಬಿಚ್ಚಿಕೊಂಡು ಸುದ್ದಿ ತೋರಿಸುತ್ತದೆ, ಮತ್ತೆ ಮುಟ್ಟಿಸಿದರೆ ಮಡಚಿಕೊಳ್ಳುತ್ತದೆ. ಬಿಚ್ಚಿಟ್ಟು ಮರೆತರೂ ರಾತ್ರಿ ತಾನಾಗಿ ಮಡಚಿಕೊಂಡು ಮಲಗುತ್ತದೆ. ಮೊದಮೊದಲು ಎಷ್ಟು ಒತ್ತಿದರೂ ಬಿಚ್ಚಿಕೊಳ್ಳದೆ ಮುನಿಸಿಕೊಂಡ ಮಗುವಿನ ಹಾಗೆ ಕೂತುಬಿಡುತ್ತಿತ್ತು. ಆ ಮುನಿಸು ಬಿಡಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಯಿತು.

ಸರಿಹೋದದ್ದನ್ನು ಪಾರ್ಕಿನ ಗುಂಪಿನ ಫೋನುಗಳಿಗೆ ಮತ್ತೆ ಹಾಕಿಕೊಟ್ಟಳು. ತಿಂಗಳು ತುಂಬಿತು. ಚಿರಂತ್ ಅದನ್ನು ನೋಡಿ ಹುಬ್ಬು ಗಂಟಿಕ್ಕಿದ.

"ಮೇಡಂ, ವಿಜೆಟ್ ಅಂದ್ರೇನೇ ಏನೂ ಒತ್ತದೆ ಕಣ್ಣಿಗೆ ಕಾಣ್ಬೇಕು. ನೀವು ಬಾಗಿಲು ಹಾಕಿಟ್ಟಿದೀರಲ್ಲ?"

"ಎಷ್ಟು ಫೋನಲ್ಲಿ ಉಳಿದಿದೆ ನೋಡಿ."

ನೋಡಿದ. ಅವಳು ಹಾಕಿಕೊಟ್ಟಿದ್ದಕ್ಕಿಂತ ಹೆಚ್ಚೇ ಇದ್ದವು. ಆದರೂ ಅವನಿಗೆ ಅನುಮಾನ. "ಎಲ್ಲ ನಿಮಗೆ ಬೇಕಾದವ್ರು. ದಾಕ್ಷಿಣ್ಯಕ್ಕೆ ಇಟ್ಕೊಂಡಿರ್ತಾರೆ. ಯಾರಾದ್ರೂ ಒಬ್ರಿಗೆ ಫೋನ್ ಹಚ್ಚಿ, ನಾನೇ ಮಾತಾಡ್ತೀನಿ."

ಜ್ಯೋತ್ಸ್ನಾ ಪಾರ್ವತಮ್ಮನಿಗೆ ಹಚ್ಚಿ ಫೋನನ್ನು ಮೇಜಿನ ಮೇಲೆ ಇಬ್ಬರಿಗೂ ಕೇಳುವ ಹಾಗೆ ಇಟ್ಟಳು. ಹೊರಗಿನವರ ಮುಂದೆ ಪಾರ್ವತಮ್ಮ ತನ್ನ ಮಾನ ಕಾಪಾಡಲು ಹೊಗಳದೆ ಇರುತ್ತಾರೆಯೇ? ಹೊಗಳಿದರೆ ಮುಗಿಯಿತು, ಇವನು ನಂಬುವುದಿಲ್ಲ.

"ಆಂಟಿ, ಜ್ಯೋತ್ಸ್ನಾ ಮೇಡಂ ಮಾಡಿರೋ ಸುದ್ದಿ ವಿಜೆಟ್ ಚೆನ್ನಾಗಿದ್ಯಾ?" ಎಂದು ಕೇಳಿದ ಚಿರಂತ್.

"ಓ, ಕೆಲಸ ಕೊಡೋ ಹುಡುಗ ನೀನೇನಾ? ಚೆನ್ನಾಗಿದೆ ಅಂತ ಹೇಗಪ್ಪಾ ಹೇಳ್ಲಿ? ಅಕ್ಷರ ಇರುವೆ ಸಾಲು. ಒಂದೇ ಸುದ್ದಿನ ಬೇರೆಬೇರೆ ಪೇಪರ್‌ನೋರು ಕೊಟ್ರೆ ಅಷ್ಟೂ ಸಲ ತೋರಿಸುತ್ತೆ, ನಮಗೇನು ಕಿವುಡಾ? ಮೊದಲು ಮಾಡಿದ್ದಂತೂ ವಾರದೊಳಗೇ ಕಿತ್ತಾಕಿದ್ದೆ."

ಚಿರಂತ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. "ಮತ್ತೆ ಇದನ್ಯಾಕೆ ಇಟ್ಕೊಂಡಿದೀರ?"

"ಇದು ನಾನು ಕರೆದಾಗ ಬರುತ್ತೆ. ಮೊನ್ನೆ ನನ್ನ ಮಗ ಫೋನ್ ಕ್ಲೀನ್ ಮಾಡ್ತೀನಿ ಅಂತ ತೆಗೆದುಬಿಟ್ಟಿದ್ದ. ಬೈದು ವಾಪಸ್ ಹಾಕಿಸ್ಕೊಂಡೆ. ಹೊಸಕೆರೆಹಳ್ಳಿಲಿರೋ ನನ್ನ ತಂಗಿಗೂ ಹಾಕ್ಸಿದೀನಿ. ಅಲ್ಲಾ, ನೀನು ಎದ್ದ ಕೂಡ್ಲೆ ಏನಪ್ಪಾ ನೋಡ್ತೀಯ?"

"ನಾನಾ? ಆಫೀಸ್ ಮೇಲ್ ನೋಡ್ತೀನಿ ಆಂಟಿ."

"ಅದಕ್ಕೇ ದನಿ ಹೀಗೆ ಸೊರಗಿದೆ. ಮೊದಲು ಕಾಫಿ ಕುಡಿ."

ಚಿರಂತ್ ಜೋರಾಗಿ ನಕ್ಕುಬಿಟ್ಟ. ಫೋನು ಇಟ್ಟ ಮೇಲೂ ನಗುತ್ತಲೇ ಇದ್ದ. "ಸೋಮವಾರದಿಂದ ಬನ್ನಿ ಮೇಡಂ. ಬಂದವರೇ ಮೊದಲು ಆ ಇರುವೆ ಸಾಲು ಸರಿಮಾಡಿ."

ಆವತ್ತು ಸಂಜೆ ಪಾರ್ಕಿನಲ್ಲಿ ಸುದ್ದಿ ಅವಳಿಗಿಂತ ಮುಂಚೆ ಬಂದು ಕೂತಿತ್ತು. ಬೈದರೆ ಕೆಲಸ ಸಿಗುತ್ತದೆ ಎಂದು ಪಾರ್ವತಮ್ಮ ಎಲ್ಲರಿಗೂ ಸಾರಿಬಿಟ್ಟಿದ್ದರು. ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದವರೆಲ್ಲ ಅವಳನ್ನು ಸುತ್ತಿಕೊಂಡರು.

"ಆ ಪೇಪರ್ ಬಣ್ಣ ಯಾಕೆ ಕಣೇ ಹಳಸಿದ ಹಿಟ್ಟಿನ ಥರ ಇದೆ?" ಎಂದರು ನೀಲಗಂಗಮ್ಮ.

"ನಂಗೆ ಕ್ರಿಕೆಟ್ ಬೇಡ. ಅದನ್ನ ನಮ್ಮೆಜಮಾನ್ರ ಫೋನಿಗೆ ಕಳಿಸು!" ಎಂದಿತು ಹಿಂದಿನಿಂದ ಇನ್ನೊಂದು ದನಿ.

ಜ್ಯೋತ್ಸ್ನಾ ಕಲ್ಲುಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮುಖ ಊರಗಲವಾಗಿತ್ತು.

"ಒಬ್ಬೊಬ್ರಾಗಿ ಬೈರಿ," ಎಂದಳು, "ಎಲ್ಲಾ ಕೇಳಿಸ್ಕೋಬೇಕು ನಾನು."